ಗೋಡೆಯಾಚೆಯ ಬಿಸಿ

ಕಿನಾಂತಿ ಮೊದಲ ಸಲ ಆ ಮರದ ಗೋಡೆಗೆ ಬಿಸಿ ತೋರಿಸುವ ಕ್ಯಾಮೆರಾ ಹಿಡಿದಾಗ ಪರದೆಯ ಮೇಲೆ ಕಿತ್ತಳೆ ಬಣ್ಣದ ಒಂದು ಮಚ್ಚೆ ಕಂಡಿತು. ಉಳಿದ ಹಲಗೆಗಳೆಲ್ಲ ತಣ್ಣಗೆ, ನೀಲಿ. ಗೆದ್ದಲು ಸಾವಿರಗಟ್ಟಲೆ ಒತ್ತಾಗಿ ಸೇರಿದರೆ ಮರ ಒಳಗಿಂದ ಬೆಚ್ಚಗಾಗುತ್ತದೆ. ಅವಳು ಸೀಮೆಸುಣ್ಣದಲ್ಲಿ ಮಚ್ಚೆಯ ಸುತ್ತ ಗೆರೆ ಎಳೆದಳು.

"ಇಲ್ಲಿ ಏನೋ ಇದೆ, ಬು."

"ಏನೋ ಅಂದ್ರೆ?" ಎಂದಳು ಬು ಮಾರ್ನಿ. "ಅಷ್ಟು ದುಡ್ಡಿನ ಕ್ಯಾಮೆರಾ, ಹೆಸರು ಹೇಳಲ್ವಾ?"

ಲಾಸೆಮ್ ಊರೆಲ್ಲ 'ಬು', ಅಂದರೆ ಅಮ್ಮ, ಎಂದು ಕರೆಯುವ ಮಾರ್ನಿ ಅಲ್ಲಿ ಬಾತಿಕ್ ಬಟ್ಟೆ ಮಾಡಿಸುವವಳು. ಹನ್ನೆರಡು ಹೆಂಗಸರು ಅವಳ ಅಂಗಳದಲ್ಲಿ ಕುಳಿತು ಬಟ್ಟೆಯ ಮೇಲೆ ಬಿಸಿ ಮೇಣದಲ್ಲಿ ಚಿತ್ತಾರ ಬರೆಯುತ್ತಾರೆ. ಅವಳ ಅಜ್ಜಿ ಬರೆದ ಬಟ್ಟೆಗಳು ಎರಡು ಪೆಟ್ಟಿಗೆಗಳಲ್ಲಿದ್ದವು. ಒಂದನ್ನು ಗೆದ್ದಲು ತಿಂದು ಮುಗಿಸಿದ ಮೇಲೆಯೇ ಸೆಮಾರಾಂಗ್‌ನಿಂದ ಗೆದ್ದಲು ಪತ್ತೆ ಹಚ್ಚುವ ಕಂಪನಿಯ ಕಿನಾಂತಿಯನ್ನು ಕರೆಸಿದ್ದು. ಉಳಿದ ಪೆಟ್ಟಿಗೆ ಈ ಗೋಡೆಗೇ ತಾಗಿಕೊಂಡಿತ್ತು.

ಅವತ್ತು ಮೇಲಿನ ಹಲಗೆ ನೋಡಲು ಅವಳು ಏಣಿ ಕೇಳಿದಾಗ ಆಚೆ ಕೋಣೆಯಿಂದ ಎದ್ದು ಬಂದು ಹಿಡಿದವನು ಸೆನೊ, ಬು ಮಾರ್ನಿಯ ತೀರಿಹೋದ ತಮ್ಮನ ಮಗ. ಬಟ್ಟೆಗೆ ಒತ್ತುವ ತಾಮ್ರದ ಅಚ್ಚು ಮಾಡುವುದು ಅವನ ಕೆಲಸ. ಮಾತು ಕಡಿಮೆ. ಕಿನಾಂತಿ ಕೆಳಗೆ ನೋಡಿದರೆ ಅವನು ಏಣಿಯ ಕಾಲು ನೋಡುತ್ತಿದ್ದ; ಅವಳು ಗೋಡೆ ನೋಡಿದರೆ ಅವಳನ್ನು ನೋಡುತ್ತಿದ್ದ. ಇದು ಅವಳಿಗೆ ಗೊತ್ತಾಗಿದ್ದು ಹೊಳೆಯುವ ಪರದೆಯಲ್ಲಿ ಅವನ ಮುಖ ಬಿದ್ದಿದ್ದರಿಂದ.

"ಏಣಿ ಗಟ್ಟಿ ಇದೆ, ಮಾಸ್. ಬಿಟ್ಟರೂ ಬೀಳಲ್ಲ," ಎಂದಳು ಕಿನಾಂತಿ. ಅಲ್ಲಿ ಹುಡುಗರಿಗೆ ಮರ್ಯಾದೆಗೆ ಮಾಸ್ ಎನ್ನುತ್ತಾರೆ, ಹುಡುಗಿಯರಿಗೆ ಮ್ಬಾಕ್.

"ಇರಲಿ," ಎಂದ ಸೆನೊ. ಬಿಡಲಿಲ್ಲ.

ಎರಡು ವಾರಕ್ಕೊಮ್ಮೆ, ಗುರುವಾರ, ಅವಳು ಬಂದು ಪರೀಕ್ಷಿಸಬೇಕು. ಗೆದ್ದಲು ಇಲ್ಲ ಎಂದು ಬರೆದ ದಿನ ಕರಾರು ಮುಗಿಯುತ್ತದೆ.

ಎರಡನೆಯ ಗುರುವಾರ ಮಚ್ಚೆ ಸೀಮೆಸುಣ್ಣದ ಗೆರೆಯೊಳಗೆ ಇರಲಿಲ್ಲ. ಒಂದು ಗೇಣು ಎಡಕ್ಕೆ ಸರಿದಿತ್ತು. ಗೆದ್ದಲು ಹೀಗೆ ಸಂಸಾರ ಕಟ್ಟಿಕೊಂಡು ಎರಡು ವಾರಕ್ಕೊಂದು ಮನೆ ಬದಲಿಸುವುದಿಲ್ಲ. ತೇವ ಅಳೆಯುವ ಯಂತ್ರ ಒತ್ತಿದಳು: ಮರ ಒಣ. ಹಲಗೆ ತಟ್ಟಿದಳು: ಗಟ್ಟಿ. ಆದರೂ 'ಸಂಶಯ ಇದೆ' ಎಂದು ಬರೆದಳು. ಹಿಂದೊಮ್ಮೆ ಒಂದು ಹೋಟೆಲಿನಲ್ಲಿ ಬಿಸಿನೀರಿನ ಕೊಳವೆಯನ್ನು ಗೆದ್ದಲು ಎಂದು ಹೇಳಿ ಗೋಡೆ ಒಡೆಸಿದ್ದಳು. ಇನ್ನೊಂದು ತಪ್ಪಾದರೆ ಕ್ಯಾಮೆರಾ ಬೇರೆಯವರ ಕೈಗೆ, ಅವಳು ಆಫೀಸಿನ ಮೇಜಿಗೆ.

ಮೂರನೆಯ ಗುರುವಾರ ಅವಳಿಗೆ ಒಂದು ವಿಚಿತ್ರ ಕಂಡಿತು. ಬು ಮಾರ್ನಿ ಚಹಾ ತರಲು ಹೋದಾಗ ಕೋಣೆ ಮೌನವಾಯಿತು. ಮಚ್ಚೆ ನಿಧಾನಕ್ಕೆ ತಣ್ಣಗಾಯಿತು. ಕಿನಾಂತಿ ಅಮ್ಮನಿಗೆ ಫೋನ್ ಮಾಡಿ, ಬಸ್ಸಿನಲ್ಲಿ ಪಕ್ಕದ ಸೀಟಿನವನು ಬುತ್ತಿ ಬಿಚ್ಚಿ ತನಗೂ ಅರ್ಧ ಕೊಟ್ಟ ಕಥೆ ಹೇಳತೊಡಗಿದಳು. ಐದೇ ನಿಮಿಷ. ಮಚ್ಚೆ ಮತ್ತೆ ಕಿತ್ತಳೆಯಾಯಿತು.

ಅವಳು ಫೋನ್ ಇಟ್ಟು, ಚಪ್ಪಲಿ ಕಳಚಿ, ಗೋಡೆಯ ಆಚೆ ಹೋದಳು. ಹಳೆಯ ಅಚ್ಚುಗಳನ್ನು ಪೇರಿಸಿಟ್ಟ ಕತ್ತಲೆ ಕೋಣೆ. ಯಾರೂ ಇಲ್ಲ. ಕ್ಯಾಮೆರಾ ಹಿಡಿದಳು. ಗೋಡೆಗೆ ಒತ್ತಿದ್ದ ಸ್ಟೂಲಿನ ಮೇಲೆ ಯಾರೋ ಕುಳಿತೆದ್ದ ಬಿಸಿ. ತಣ್ಣನೆಯ ನೆಲದ ಮೇಲೆ ಬರಿಗಾಲಿನ ಹೆಜ್ಜೆಗಳು, ಒಂದೊಂದೇ ಮಾಸುತ್ತ ಬಾಗಿಲು ದಾಟಿ ಸೆನೊನ ಕೆಲಸದ ಮೇಜಿನವರೆಗೆ ಹೋಗಿದ್ದವು.

ಅವನು ತಲೆ ತಗ್ಗಿಸಿ ತಾಮ್ರದ ಪಟ್ಟಿ ಬಗ್ಗಿಸುತ್ತಿದ್ದ.

"ಏನಾದರೂ ಬೇಕಾ, ಮ್ಬಾಕ್?"

"ಇಲ್ಲ," ಎಂದಳು. "ಸುಮ್ಮನೆ ನೋಡ್ತಾ ಇದ್ದೆ."

ಮತ್ತೆ 'ಸಂಶಯ' ಎಂದೇ ಬರೆದಳು. ನಾಲ್ಕನೆಯ ಗುರುವಾರವೂ. ಆ ಎರಡು ವರದಿಗಳಲ್ಲಿ ಸಂಶಯ ಎಳ್ಳಷ್ಟೂ ಇರಲಿಲ್ಲ. ಅವಳು ಗೋಡೆಯ ಈಚೆ ಕುಳಿತು ಬೇಕೆಂದೇ ಹೆಚ್ಚು ಮಾತಾಡಿದಳು, ಅಷ್ಟೆ.

ಐದನೆಯ ಸಲ ಬಂದಾಗ ಪೆಟ್ಟಿಗೆ ಅಂಗಳಕ್ಕೆ ಹೋಗಿತ್ತು.

"ಶನಿವಾರ ಬಡಗಿ ಬರ್ತಾನೆ," ಎಂದಳು ಬು ಮಾರ್ನಿ. "ಗೋಡೆ ಕಿತ್ತು ಸುಟ್ಟುಬಿಡ್ತೀನಿ. ನಾಲ್ಕು ಸಲ ಸಂಶಯ ಅಂತ ಬರೆದಿದ್ದೀಯ. ಐದನೇ ಸಲಕ್ಕೆ ನನ್ನ ಅಜ್ಜಿ ಬಟ್ಟೆ ಹೋದ ಮೇಲೆ ಖಾತ್ರಿ ಅಂತ ಬರೀತೀಯ."

ಸೆನೊ ಬಾಗಿಲಲ್ಲಿ ನಿಂತಿದ್ದ. ಗೋಡೆಯ ಮೇಲಂಚಿನಲ್ಲಿ ಓಡುವ ಹೂಬಳ್ಳಿಯನ್ನು ಕೆತ್ತಿದವನು ಅವನ ಅಪ್ಪ.

"ನೀವು ಏನೂ ಹೇಳಲ್ವಾ, ಮಾಸ್?" ಕಿನಾಂತಿ ಕೇಳಿದಳು.

"ನೀವು ನೋಡಿ ಬರೆದ ಮೇಲೆ ನಾನೇನು ಹೇಳೋದು? ಕ್ಯಾಮೆರಾ ಸುಳ್ಳು ಹೇಳುತ್ತಾ?"

ಕ್ಯಾಮೆರಾ ಸುಳ್ಳು ಹೇಳಿರಲಿಲ್ಲ. ಕಿನಾಂತಿ ಬಳ್ಳಿಯನ್ನು ನೋಡಿದಳು. ಬಾಯಿ ಮುಚ್ಚಿಕೊಂಡಿದ್ದರೆ ಶನಿವಾರ ಗೋಡೆ ಬೂದಿ. ಬಾಯಿ ಬಿಟ್ಟರೆ ಕ್ಯಾಮೆರಾವೂ ಹೋಯಿತು, ಈ ಊರೂ ಹೋಯಿತು.

"ಆ ಹಲಗೆಯಲ್ಲಿ ಗೆದ್ದಲು ಇಲ್ಲ, ಬು."

"ಹಾಗಾದ್ರೆ ಆ ಬಿಸಿ?"

"ಮಾಸ್ ಸೆನೊ, ಆಚೆ ಕೋಣೆಗೆ ಹೋಗಿ. ಗುರುವಾರ ಕೂರೋ ಜಾಗದಲ್ಲಿ ಕೂತ್ಕೊಳ್ಳಿ."

ಅವನ ಕಿವಿ ಕೆಂಪಾಯಿತು. ತಿರುಗಿ ಆಚೆ ಹೋದ. ಸ್ಟೂಲು ಕಿರುಗುಟ್ಟಿದ ಸದ್ದು ಕೇಳಿಸಿತು. ಕಿನಾಂತಿ ಕ್ಯಾಮೆರಾವನ್ನು ಬು ಮಾರ್ನಿಯ ಕೈಗೆ ಕೊಟ್ಟಳು. ಇಬ್ಬರೂ ಕಾದರು. ನೀಲಿ ಹಲಗೆಯಲ್ಲಿ ಮೊದಲು ಬೆನ್ನು, ಆಮೇಲೆ ಒಂದು ಭುಜ ಮೆಲ್ಲಗೆ ಮೂಡಿದವು.

"ಕಾಣ್ತೀನಾ?" ಗೋಡೆಯ ಆಚೆಯಿಂದ ಸೆನೊ ಕೇಳಿದ.

"ಕಾಣ್ತೀಯ ಕಣೋ," ಎಂದಳು ಬು ಮಾರ್ನಿ. "ಎರಡು ತಿಂಗಳಿಂದ ಕಾಣ್ತಿದ್ದೀಯಂತೆ. ನಮ್ಮನೆ ಗೆದ್ದಲು ನೀನೇ." ಕಿನಾಂತಿಯ ಕಡೆ ತಿರುಗಿದಳು. "ನಿನಗೆ ಯಾವಾಗ ಗೊತ್ತಾಯ್ತು?"

"ಮೂರನೇ ಸಲ."

"ಮತ್ತೆ ಯಾಕಮ್ಮ ಸಂಶಯ ಅಂತ ಬರೆದೆ?"

ಕಿನಾಂತಿ ಬು ಮಾರ್ನಿಯನ್ನು ನೋಡಲಿಲ್ಲ. ಗೋಡೆಗೇ ಉತ್ತರ ಹೇಳಿದಳು.

"ಇಲ್ಲ ಅಂತ ಬರೆದ್ರೆ ಕೆಲಸ ಮುಗೀತು. ಕೆಲಸ ಮುಗಿದ್ರೆ ನಾನು ಬರೋ ಹಾಗಿಲ್ಲ. ನಿಮ್ಮ ಅಪ್ಪನ ಗೋಡೆ ಸುಡ್ತಾರೆ ಅಂತ ನನಗೆ ಗೊತ್ತಿರಲಿಲ್ಲ, ಮಾಸ್. ಗೊತ್ತಿಲ್ಲದಿದ್ರೂ ತಪ್ಪೇ."

ಪರದೆಯಲ್ಲಿ ಬೆನ್ನು ಕದಲಲಿಲ್ಲ.

"ನಾನೂ ಕೂರಬಾರದಿತ್ತು," ಎಂದ ಸೆನೊ. "ಎದುರಿಗಿದ್ರೆ ನನಗೆ ಮಾತು ಬರಲ್ಲ. ಇಲ್ಲಿ ಕೂತ್ರೆ ನಿಮ್ಮ ಮಾತಾದ್ರೂ ಕೇಳಿಸುತ್ತೆ ಅಂತ..." ಗೋಡೆಗೆ ಇನ್ನಷ್ಟು ಒರಗಿದ. "ಇಲ್ಲಿ ಕೆಲಸ ಇಲ್ಲದವರನ್ನ ಲಾಸೆಮ್ ಬಸ್ಸಿಗೆ ಹತ್ತಿಸಲ್ವಾ?"

"ಹತ್ತಿಸ್ತಾರೆ."

"ಮತ್ತೆ?"

ಕಿನಾಂತಿ ಮರದ ಮಂಚದ ಅಂಚಿನಲ್ಲಿ ಕುಳಿತು ವರದಿ ಬರೆದಳು. ಗೆದ್ದಲು ಇಲ್ಲ. ಹಿಂದಿನ ನಾಲ್ಕೂ ವರದಿ ತಪ್ಪು, ತಪ್ಪು ನನ್ನದು. ಆಫೀಸಿನಲ್ಲಿ ಇದನ್ನು ಓದುವವರ ಮುಖ ಹೇಗಿರುತ್ತದೆ ಎಂದು ಅವಳಿಗೆ ಗೊತ್ತಿತ್ತು. ಸಹಿ ಹಾಕಿದಳು.

ಬು ಮಾರ್ನಿ ಕನ್ನಡಕ ಏರಿಸಿ ಎಲ್ಲವನ್ನೂ ಓದಿ, ಕೆಳಗೆ ತಾನೂ ಸಹಿ ಹಾಕಿದಳು. ಆಮೇಲೆ ಗೋಡೆಯ ಕಡೆ ಕತ್ತು ಚಾಚಿ ದನಿ ಎತ್ತರಿಸಿದಳು.

"ಸೆನೊ, ಭಾನುವಾರ ಬಂದೆಂಗ್ ಮೀನು ಮಾಡ್ತೀನಿ. ಇವಳು ತಿಂತಾಳಾ ಕೇಳು."

ಕಿನಾಂತಿ ಮೂರು ಹೆಜ್ಜೆ ದೂರದಲ್ಲೇ ಇದ್ದಳು. ಆದರೂ ಸೆನೊ ಕೇಳಿದ.

"ಬಂದೆಂಗ್ ತಿಂತೀರಾ, ಮ್ಬಾಕ್?"

"ಇಷ್ಟ. ಆದರೆ ಅದರ ತುಂಬ ಮುಳ್ಳು. ನನಗೆ ಬಿಡಿಸೋಕೆ ಬರಲ್ಲ."

ಸ್ಟೂಲು ಮತ್ತೆ ಕಿರುಗುಟ್ಟಿತು. ಬರಿಗಾಲಿನ ಹೆಜ್ಜೆಗಳು ಗೋಡೆಯನ್ನು ಸುತ್ತಿ ಬಂದವು. ಸೆನೊ ಬಾಗಿಲಲ್ಲಿ ನಿಂತು, ಮೊದಲ ಬಾರಿಗೆ ಅವಳನ್ನು ನೆಟ್ಟಗೆ ನೋಡಿದ.

"ನಾನು ಬಿಡಿಸಿ ಕೊಡ್ತೀನಿ."