ಕೊಳ ತಿಳಿಯಾದ ದಿನ

"ಒಂಬತ್ತೂ ಹೋದವು ಅಕ್ಕ. ಒಂದೂ ಉಳಿಲಿಲ್ಲ."

ಬೆಳಗಿನ ಏಳು ಗಂಟೆ. ಡ್ರೈವರ್ ಚಪ್ಪಲಿ ಬಿಡುವುದನ್ನೂ ಮರೆತು ಲ್ಯಾಬಕ್ಕನ ನಡುಮನೆಗೆ ಬಂದು ನಿಂತಿದ್ದ. ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತನಾದವನು. ಹಿಂದಿನದನ್ನೆಲ್ಲ ಕನ್ನಡಿಯಲ್ಲೇ ನೋಡಿ ಅಭ್ಯಾಸ, ತಿರುಗಿ ನೋಡುವ ಜಾಯಮಾನವೇ ಅಲ್ಲ ಎಂದು ಬೀದಿಯವರು ಅವನನ್ನು ತಮಾಷೆ ಮಾಡುತ್ತಿದ್ದರು.

ಮಹಡಿಯ ಬಾಡಿಗೆದಾರ ಪ್ರೂಫಣ್ಣ ಓದುತ್ತಿದ್ದ ಪೇಪರನ್ನು ಮಡಚಿಟ್ಟ. ಅಚ್ಚಿನ ಮನೆಯಲ್ಲಿ ಕರಡು ತಿದ್ದುತ್ತಲೇ ತಲೆ ನರೆಸಿಕೊಂಡ ಒಂಟಿ ಮನುಷ್ಯ ಅವನು. ಲ್ಯಾಬಕ್ಕ ಊರಿನ ನೀರು ಸರಬರಾಜು ಕಚೇರಿಯಲ್ಲಿ ನೀರು ಪರೀಕ್ಷೆ ಮಾಡಿ ನಿವೃತ್ತರಾದವರು. ಬೀದಿಯಲ್ಲಿ ಏನು ಕಳೆದರೂ, ಯಾರಿಗೆ ಹೆಸರಿಲ್ಲದ ಪತ್ರ ಬಂದರೂ ಜನ ಅವರ ಬಾಗಿಲಿಗೇ ಬರುತ್ತಿದ್ದರು. ಎಲ್ಲರನ್ನೂ ಕೂರಿಸಿ ಅವರು ಒಂದೊಂದೇ ಗಂಟು ಬಿಚ್ಚುವ ಆ ಕೊನೆಯ ಗಳಿಗೆ ಎಂದರೆ ಪ್ರೂಫಣ್ಣನಿಗೆ ಪ್ರಾಣ.

"ಯಾರ ಮೇಲಾದ್ರೂ ಅನುಮಾನ ಇದೆಯಾ?" ಲ್ಯಾಬಕ್ಕ ಕೇಳಿದರು.

"ಅನುಮಾನ ಏನ್ ಬಂತು? ಹಿತ್ತಲ ಗೋಡೆಯಾಚೆ ಇದ್ದಾನಲ್ಲ, ಬಡಗಿ. ನಿನ್ನ ಕೊಳದ ಪಂಪಿನ ಸದ್ದಿಗೆ ತಲೆ ಚಿಟ್ಟು ಹಿಡೀತದೆ, ಒಂದಿನ ಕಿತ್ತು ಬಿಸಾಕ್ತೀನಿ ಅಂತ ಹೋದ ತಿಂಗಳು ಹೇಳಿದ್ದ. ಅವನ ಶೆಡ್ಡಲ್ಲಿ ವಾರ್ನಿಶ್, ಥಿನ್ನರ್, ಎಲ್ಲಾ ವಿಷಾನೇ. ಈಗಷ್ಟೇ ಅವನ ಗೇಟಿಗೆ ಹೋಗಿ ಬೀದಿಗೆಲ್ಲ ಕೇಳೋ ಹಾಗೆ ಕೊಲೆಗಡುಕ ಅಂತ ಅಂದು ಬಂದೆ."

"ಅವರು ಏನಂದ್ರು?"

"ಏನೂ ಅನ್ನಲಿಲ್ಲ. ಗೇಟು ಹಾಕ್ಕೊಂಡ. ತಪ್ಪಿಲ್ದೇ ಇದ್ರೆ ಬಾಯಿ ಬಿಡ್ತಿರಲಿಲ್ವಾ?"

ಪ್ರೂಫಣ್ಣನಿಗೂ ಹಾಗೇ ಅನ್ನಿಸಿತು. ಆದರೆ ಡ್ರೈವರ್, ಬಡಗಿ ಇಬ್ಬರದೂ ಇಪ್ಪತ್ತು ವರ್ಷದ ಗೆಳೆತನ. ಆ ಕೊಳ ತೋಡುವಾಗ ಡ್ರೈವರಿಗೆ ಹೆಗಲು ಕೊಟ್ಟು ಗುದ್ದಲಿ ಹಿಡಿದವನೂ ಬಡಗಿಯೇ.

ಡ್ರೈವರನ ಹಿತ್ತಲಲ್ಲಿ, ಕೊಳದ ಪಕ್ಕ ಒದ್ದೆ ಗೋಣಿಯ ಮೇಲೆ, ಒಂಬತ್ತು ಗೋಲ್ಡ್ ಫಿಶ್‌ಗಳು ಸಾಲಾಗಿ ಮಲಗಿದ್ದವು. ತಂದಾಗ ಬೆರಳಿನಷ್ಟಿದ್ದವು, ಏಳು ವರ್ಷದಲ್ಲಿ ಒಂದೊಂದೂ ಗೇಣುದ್ದ ಬೆಳೆದಿದ್ದವು.

"ಸುಮ್ಮನೆ ಬೆಳೆದಾವಾ? ಐದು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಹಾಕಬೇಕು. ಉಳಿದದ್ದು ತಳಕ್ಕೆ ಹೋಗಿ ಕೊಳೀತದೆ. ಮೀನಿಗೆ ಹೊಟ್ಟೆ ತುಂಬಿದ್ದು ಗೊತ್ತಾಗಲ್ಲ ಅಕ್ಕ, ಎಷ್ಟು ಹಾಕಿದ್ರೂ ಬಾಯಿ ತೆರೀತವೆ," ಎಂದ ಡ್ರೈವರ್.

ತಮ್ಮನ ಮನೆಗೆ ಹೋಗಿದ್ದವನು ಹತ್ತು ದಿನದ ಮೇಲೆ ನಿನ್ನೆ ಕತ್ತಲಾದ ಮೇಲೆ ಬಂದಿದ್ದ. ಸುಸ್ತಾಗಿ ಕೊಳದ ಕಡೆ ಹೋಗದೆ ಮಲಗಿಬಿಟ್ಟಿದ್ದ. ಹೋಗುವ ಮುಂಚೆ ಹಳೆ ಮೂಟೆಯಲ್ಲಿ ಉಳಿದಿದ್ದ ಮೀನಿನ ತಿಂಡಿಯನ್ನು ದಿನಕ್ಕೊಂದರಂತೆ ಹತ್ತು ಪೊಟ್ಟಣ ಕಟ್ಟಿ, ನಂಬರು ಬರೆದು ಮಗಳ ಕೈಗೆ ಕೊಟ್ಟಿದ್ದ. "ಇದೊಂದಾದ್ರೂ ಸರಿಯಾಗಿ ಮಾಡು" ಎಂದಿದ್ದನಂತೆ. ಎರಡು ವರ್ಷದ ಹಿಂದೆ ಗಂಡನ ಮನೆ ಬಿಟ್ಟು ಬಂದವಳು ಅವಳು. ಡ್ರೈವರ್ ಅವಳನ್ನು ಮನೆಗೆ ಸೇರಿಸಿಕೊಂಡಿದ್ದ, ಮನಸ್ಸಿಗೆ ಸೇರಿಸಿಕೊಂಡಿರಲಿಲ್ಲ. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಬೀದಿಯವರ ಬಟ್ಟೆ ಹೊಲಿಯುತ್ತಿದ್ದಳು.

ಕೇಳಿದ ಕೂಡಲೇ ಮಗಳು ಹತ್ತೂ ಖಾಲಿ ಕಾಗದ ತಂದು ಕೊಟ್ಟಳು. "ದಿನಕ್ಕೊಂದು ಹಾಕಿದೆ," ಎಂದಳು, ನೆಲ ನೋಡುತ್ತಾ.

ಲ್ಯಾಬಕ್ಕ ಕೊಳದ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತರು. ನೀರು ಎಷ್ಟು ತಿಳಿಯಾಗಿತ್ತೆಂದರೆ ತಳದ ಕಲ್ಲುಗಳನ್ನು ಪ್ರೂಫಣ್ಣ ನಿಂತಲ್ಲಿಂದಲೇ ಎಣಿಸಬಹುದಿತ್ತು. ಉದ್ದ ಕಾಲಿನ ಹುಳಗಳು ನೀರಿನ ಮೇಲೆ ಎಂದಿನಂತೆ ಓಡಾಡುತ್ತಿದ್ದವು. ತಾವರೆ ಎಲೆಗಳ ಮೇಲ್ಮೈಗೆ ಕೆಸರು ಮೆತ್ತಿತ್ತು. ನೀರು ಸೋಸುವ ಸ್ಪಂಜು ಹೊಸದರಂತೆ ಬೆಳ್ಳಗಿತ್ತು. ಲ್ಯಾಬಕ್ಕ ಮೀನೊಂದರ ಕಿವಿರು ಎತ್ತಿ ನೋಡಿದರು. ಸುಟ್ಟಂತೆ ಬಿಳಿಚಿಕೊಂಡಿತ್ತು. ಆಮೇಲೆ ಚೀಲದಿಂದ ಗಾಜಿನ ನಳಿಗೆ ತೆಗೆದು, ಕೊಳದ ನೀರು ತುಂಬಿ, ಬಾಟಲಿಯಿಂದ ಒಂದು ಹನಿ ಬಿಟ್ಟರು. ನೀರು ಗುಲಾಬಿ ಬಣ್ಣಕ್ಕೆ ತಿರುಗಿತು.

"ವಿಷಾನಾ?" ಡ್ರೈವರ್ ಕೇಳಿದ.

"ಮೀನಿಗೆ ಹೌದು," ಎಂದರು ಲ್ಯಾಬಕ್ಕ.

ಉಗ್ರಾಣದಲ್ಲಿ ಮೀನಿನ ಆಹಾರದ ಹೊಸ ಮೂಟೆಯಿತ್ತು. "ಊರಿಗೆ ಹೋಗೋ ಹಿಂದಿನ ದಿನ ತಂದದ್ದು. ಬಾಯಿ ಕೂಡ ಬಿಚ್ಚಿಲ್ಲ," ಎಂದ ಡ್ರೈವರ್. ಬದುಕೆಲ್ಲ ಅಕ್ಷರದ ತಪ್ಪು ಹುಡುಕಿದ ಪ್ರೂಫಣ್ಣನ ಕಣ್ಣು ಮೂಟೆಯ ಬಾಯಿಯ ಮೇಲೆ ನಿಂತಿತು. ಕೆಳಗಿನ ಹೊಲಿಗೆ ಕಾರ್ಖಾನೆಯ ದಪ್ಪ ದಾರದ್ದು, ಮೇಲಿನದು ಸಣ್ಣ ದಾರದ ನಾಜೂಕು ಕೈಹೊಲಿಗೆ. ಲ್ಯಾಬಕ್ಕನ ಕಿವಿಯಲ್ಲಿ ಹೇಳಿದ. ಅವರು ತಲೆಯಾಡಿಸಿದರಷ್ಟೇ.

ಹಿಂದಿನ ಓಣಿಯಲ್ಲಿ ಪ್ರೂಫಣ್ಣನಿಗೆ ಇನ್ನೊಂದು ಸುಳಿವು ಸಿಕ್ಕಿತು. ಬಡಗಿಯ ಗೇಟಿನ ಮುಂದಿನ ಚರಂಡಿಯ ಕಲ್ಲಿಗೆ ಹಸಿರು ಪಾಚಿ ಆಗತಾನೇ ಒಣಗಿ ಹತ್ತಿತ್ತು. ಬಡಗಿ ಸಿಕ್ಕಿಬಿದ್ದ ಎಂದುಕೊಂಡ.

ಬಡಗಿ ಶೆಡ್ಡಿನಲ್ಲಿ ಒಂದು ಸ್ಟೂಲಿಗೆ ಕಾಲು ಕೂರಿಸುತ್ತಿದ್ದ. ಕಣ್ಣು ಕೆಂಪಾಗಿತ್ತು.

"ನಿನ್ನೆ ಮಧ್ಯಾಹ್ನ ಇಲ್ಲೇ ಇದ್ರಾ?" ಲ್ಯಾಬಕ್ಕ ಕೇಳಿದರು.

"ಇದ್ದೆ."

"ಗೋಡೆ ಆಚೆ ಪಂಪಿನ ಸದ್ದು ಜೋರಾಗಿ ಕೇಳಿಸ್ತಾ?"

"ಮರ ಕೀಸ್ತಿದ್ದೆ. ನನಗೇನೂ ಕೇಳಿಸಲಿಲ್ಲ."

ಬೀದಿಯ ಎದುರು ಬೈದದ್ದು ಬೀದಿಯ ಎದುರೇ ಸಾಬೀತಾಗಲಿ ಎಂದು ಡ್ರೈವರ್ ಹಟ ಹಿಡಿದಿದ್ದ. "ನಾಲ್ಕು ಗಂಟೆವರೆಗೂ ಕಾಯೋಣ," ಎಂದರು ಲ್ಯಾಬಕ್ಕ ಹೊರಗೆ ಬಂದು. ಏಕೆಂದು ಪ್ರೂಫಣ್ಣ ಕೇಳಲಿಲ್ಲ.

ಮಧ್ಯಾಹ್ನ ಡ್ರೈವರನ ಮಗಳು ಬಾಗಿಲಿಗೆ ಬಂದಳು. ಲ್ಯಾಬಕ್ಕ ಮಾತ್ರೆ ನುಂಗಿ ಮಲಗಿದ್ದರು.

"ಅಕ್ಕನ ಹತ್ತಿರ ಒಂದು ಮಾತು ಆಡಬೇಕಿತ್ತು ಮಾಮ."

"ಈಗಷ್ಟೇ ಕಣ್ಣು ಮುಚ್ಚಿದ್ದಾರೆ ತಾಯಿ. ಇನ್ನೇನು ನಾಲ್ಕಕ್ಕೆ ಎಲ್ಲರೂ ಸೇರ್ತೀವಲ್ಲ, ಅಲ್ಲೇ ಆಡಿದ್ರಾಯ್ತು," ಎಂದ ಪ್ರೂಫಣ್ಣ.

ಅವಳು ಸ್ವಲ್ಪ ಹೊತ್ತು ಮೆಟ್ಟಿಲ ಮೇಲೆ ನಿಂತಿದ್ದು ಹೋದಳು. ಲ್ಯಾಬಕ್ಕ ಎದ್ದಾಗ ಆ ವಿಷಯ ಹೇಳುವುದೂ ಅವನಿಗೆ ನೆನಪಾಗಲಿಲ್ಲ.

ನಾಲ್ಕಕ್ಕೆ ಕೊಳದ ಸುತ್ತ ಡ್ರೈವರ್, ಮಗಳು, ಬಡಗಿ, ಅಲ್ಲದೆ ಬೀದಿಯ ಏಳೆಂಟು ಜನ ಸೇರಿದರು. ಲ್ಯಾಬಕ್ಕ ಮಗಳ ಮುಖವನ್ನು ಒಮ್ಮೆ ನೋಡಿ, ಸ್ವಲ್ಪ ಕಾದು, ಮಾತು ಶುರು ಮಾಡಿದರು.

"ಬಡಗಿಯವರ ಥಿನ್ನರ್ ಅಲ್ಲ. ಅದು ಬಿದ್ದಿದ್ರೆ ನೀರಿನ ಮೇಲೆ ಪೊರೆ ಕಟ್ಟಿ ಮೊದಲು ಈ ಹುಳಗಳು ಮುಳುಗ್ತಿದ್ವು. ಅವು ಆರಾಮಾಗಿವೆ. ಮೀನಿನ ಕೊಳ ಅಂದ್ರೆ ಹಸಿರಾಗಿರಬೇಕು, ಇದು ಕುಡಿಯೋ ನೀರಿನ ಹಾಗಿದೆ. ಎಲೆ ಮೇಲೆ ಕೆಸರು ಬರಬೇಕಾದ್ರೆ ಎಲೆ ಒಮ್ಮೆ ತಳದ ಕೆಸರಿನಲ್ಲಿ ಮಗುಚಿ ಬಿದ್ದಿರಬೇಕು. ಅಂದ್ರೆ ಕೊಳ ಖಾಲಿಯಾಗಿ ಮತ್ತೆ ತುಂಬಿದೆ. ತುಂಬಿದ್ದು ನಲ್ಲಿ ನೀರು. ನಲ್ಲಿ ನೀರಿಗೆ ಕ್ಲೋರಿನ್ ಹಾಕಿರ್ತಾರೆ, ಮೂವತ್ತು ವರ್ಷ ನಾನೇ ಅಳೆದಿದ್ದೀನಿ. ಗುಲಾಬಿ ಬಣ್ಣ ಬಂದದ್ದು ಅದಕ್ಕೇ. ನಮಗೆ ಅದರಿಂದ ಏನೂ ಆಗಲ್ಲ, ಮೀನಿನ ಕಿವಿರು ಸುಟ್ಟು ಹೋಗ್ತದೆ. ಸ್ಪಂಜನ್ನೂ ಅದರಲ್ಲೇ ತೊಳೆದಿದ್ದಾರೆ."

"ಯಾರು?" ಡ್ರೈವರ್ ಕೇಳಿದ.

"ಕೊಳ ಯಾಕೆ ಖಾಲಿ ಮಾಡಿದ್ರು ಅಂತ ಮೊದಲು ಕೇಳಿ. ಹತ್ತು ಪೊಟ್ಟಣ ಸಾಲದೆ ಮೂಟೆ ಬಿಚ್ಚಿದ್ದಾರೆ. ಹಾಕಿದ ತಿಂಡಿ ಮಿಕ್ಕಿ, ಕೊಳೆತು, ನೀರು ನಾರಿದೆ. ಗಾಬರಿಯಾಗಿ, ಮೀನುಗಳನ್ನು ಬಕೆಟ್ಟಿಗೆ ಎತ್ತಿಟ್ಟು, ನೀರೆಲ್ಲ ಚರಂಡಿಗೆ ಬಿಟ್ಟು ಹೊಸದು ತುಂಬಿದ್ದಾರೆ. ಮೂಟೆ ಬಾಯಿ ಮತ್ತೆ ಹೊಲಿದಿದ್ದಾರೆ, ಹೊಲಿಗೆ ಚೆನ್ನಾಗಿ ಬಲ್ಲ ಕೈ."

ಎಲ್ಲರೂ ಒಂದೇ ಕಡೆ ತಿರುಗಿದರು. ಮಗಳು ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

"ಮೊದಲನೇ ದಿನ ಪೊಟ್ಟಣದ್ದೇ ಹಾಕಿದೆ ಅಪ್ಪ," ಎಂದಳು. "ನಾನು ಬಂದ ಸದ್ದಾದ್ರೆ ಸಾಕು, ಒಂಬತ್ತೂ ಓಡಿ ಬಂದು ಬಾಯಿ ತೆರೆದು ನಿಲ್ತಿದ್ವು. ನಾನು ಬಂದೆ ಅಂತ ಓಡಿ ಬರೋರು ಈ ಮನೇಲಿ ಯಾರಿದ್ದಾರೆ? ಹಸಿದಿವೆ ಅಂದ್ಕೊಂಡೆ. ನೀವು ಬರೋ ಹೊತ್ತಿಗೆ ಇನ್ನಷ್ಟು ದಪ್ಪ ಆಗಿರ್ಲಿ, ನೋಡಿ ಖುಷಿ ಪಡ್ತೀರಿ ಅಂತ ಮೂಟೆ ಬಿಚ್ಚಿ ಹಾಕಿದೆ."

"ನನಗೆ ಒಂದು ಮಾತು ಹೇಳಬಾರದಿತ್ತಾ?"

"ಹೇಳೋಕೆ ಅಂತಲೇ ಎದ್ದು ಬಂದೆ. ಅಷ್ಟು ಹೊತ್ತಿಗೆ ನೀವು ಅವರ ಗೇಟಿನ ಹತ್ತಿರ ಕೂಗ್ತಿದ್ರಿ."

ಡ್ರೈವರ್ ಬಡಗಿಯ ಕಡೆ ನೋಡಿದ. ಲ್ಯಾಬಕ್ಕ ಮೆಲ್ಲಗೆ ಹೇಳಿದರು: "ಅವರಿಗೆ ನಿನ್ನೆಯೇ ಗೊತ್ತು. ಸಣ್ಣ ಪಂಪಿನ ಸದ್ದಿಗೇ ಜಗಳ ಆಡಿದವರಿಗೆ ಇಡೀ ಮಧ್ಯಾಹ್ನ ನೀರು ಎಳೆದದ್ದು ಕೇಳಿಸಲಿಲ್ಲವಂತೆ. ಹಸಿರು ನೀರು ಹರಿದದ್ದು ಅವರ ಗೇಟಿನ ಮುಂದೆಯೇ. ನಿಮ್ಮ ಮಗಳ ಹೆಸರು ಬರಬಾರದು ಅಂತ ಬೈಸಿಕೊಂಡು ಸುಮ್ಮನಿದ್ರು."

ಬಡಗಿ ಎದ್ದು ನಿಂತ. "ಮೀನು ಸಾಯ್ತವೆ ಅಂತ ನನಗೂ ಗೊತ್ತಿರಲಿಲ್ಲ. ಗೊತ್ತಿದ್ದಿದ್ರೆ ಗೋಡೆ ಹಾರಿ ಬಂದು ನಿಲ್ಲಿಸ್ತಿದ್ದೆ," ಎಂದ. ಸ್ವಲ್ಪ ತಡೆದು ಡ್ರೈವರಿಗೆ ಹೇಳಿದ: "ಬೈದದ್ದಕ್ಕೆ ಬೇಜಾರಿಲ್ಲ. ಇಪ್ಪತ್ತು ವರ್ಷ ನೋಡಿದವನು, ನೀನು ಮಾಡಿದ್ಯಾ ಅಂತ ಒಂದು ಸಲ ಕೇಳಬಹುದಿತ್ತು."

ಅವನು ಹೋದ ಮೇಲೆ ಬೀದಿಯವರೂ ಒಬ್ಬೊಬ್ಬರಾಗಿ ಕರಗಿದರು.

ದಾರಿಯಲ್ಲಿ ಲ್ಯಾಬಕ್ಕ ಅಂದರು: "ಬೆಳಿಗ್ಗೆಯೇ ಗೊತ್ತಾಗಿತ್ತು ಪ್ರೂಫಣ್ಣ. ತಾನಾಗಿ ಬಂದು ಹೇಳ್ತಾಳೆ, ಆಗ ಅಪ್ಪ ಮಗಳನ್ನು ಮಾತ್ರ ಕೂರಿಸಿಕೊಂಡು ಮಾತಾಡೋಣ ಅಂತ ಕಾದೆ. ಬರಲಿಲ್ಲ."

ಪ್ರೂಫಣ್ಣ ನಡುಬೀದಿಯಲ್ಲಿ ನಿಂತುಬಿಟ್ಟ. "ಬಂದಿದ್ದಳು ಅಕ್ಕ," ಎಂದ. "ನಾನೇ ಕಳಿಸಿಬಿಟ್ಟೆ."

ಲ್ಯಾಬಕ್ಕ ಮನೆಯ ಕಡೆ ಹೆಜ್ಜೆ ಹಾಕಿದರು. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು. ಅದಾದ ಮೇಲೆ ಅವರು ಯಾರನ್ನೂ ಸುತ್ತ ಕೂರಿಸಿ ಗಂಟು ಬಿಚ್ಚಲಿಲ್ಲ. ಗೊತ್ತಾದದ್ದನ್ನು ಸಂಬಂಧಪಟ್ಟವರ ಮನೆಗೇ ಹೋಗಿ ಮೆಲ್ಲಗೆ ಹೇಳಿ ಬರುತ್ತಿದ್ದರು.

ನಾಲ್ಕನೇ ದಿನ ಡ್ರೈವರ್ ಪ್ರೂಫಣ್ಣನ ಹತ್ತಿರ ಬಂದ. ಬಡಗಿಯ ಮನೆಗೆ ಹೋಗಬೇಕು, ಒಬ್ಬನೇ ಹೋಗಲು ಕಾಲು ಬರುವುದಿಲ್ಲ, ಜೊತೆಗೆ ಬಾ ಎಂದ. ಮಗಳೂ ಬಂದಿದ್ದಳು. ದಾರಿಯುದ್ದಕ್ಕೂ ಅಪ್ಪ ಮುಂದೆ, ಮಗಳು ಹಿಂದೆ. ಓಣಿಯ ತಿರುವಿನಲ್ಲಿ ಮಾತ್ರ ಅವನು ನಿಂತು ತಿರುಗಿ ನೋಡಿ, ಅವಳು ಪಕ್ಕಕ್ಕೆ ಬಂದ ಮೇಲೆ ನಡೆದ.

ಗೇಟು ತೆರೆದ ಬಡಗಿ ಮೂವರನ್ನೂ ನೋಡಿದ. ಬಾ ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ. ಒಳಗೆ ಹೋಗಿ, ಹೊಟ್ಟು ಕೊಡವಿ, ಒಂದು ಸ್ಟೂಲು ತಂದು ಮಗಳ ಮುಂದಿಟ್ಟ. "ಕೂತ್ಕೋ ತಾಯಿ," ಎಂದು, ಮತ್ತೆ ಕೆಲಸಕ್ಕೆ ಬಗ್ಗಿದ.

ಮಗಳು ಕೂತಳು. ಡ್ರೈವರ್ ಬಾಗಿಲ ಬಳಿ ನಿಂತೇ ಇದ್ದ, ಹೇಳಬೇಕೆಂದುಕೊಂಡು ಬಂದದ್ದನ್ನು ಹುಡುಕುತ್ತಾ.