ಸಣ್ಣತಾಯಮ್ಮನ ಹೆಬ್ಬೆಟ್ಟು

ಕಟ್ಟಬೇಕಾದ್ದನ್ನೆಲ್ಲ ಕಟ್ಟಿಯಾದ ಮೇಲೂ ಬ್ಯಾಂಕಿನವರು ಮಧುಕುಮಾರನನ್ನು ನಂಬಲಿಲ್ಲ. ಹೊಟ್ಟೆ ಉರಿಯದೆ ಇನ್ನೇನಾದೀತು? ಅರಸೀಕೆರೆಯ ಕೊಬ್ಬರಿ ಮಂಡಿಯ ಗುಮಾಸ್ತ ಅವನು. ಬ್ಯಾಂಕಿನೊಂದಿಗೆ ಮಾಡಿಕೊಂಡ ಒಪ್ಪಂದದಂತೆ ನಾಲ್ಕು ವರ್ಷ ಹಲ್ಲು ಕಚ್ಚಿಕೊಂಡು, ಕಂತು ತಪ್ಪಿದ್ದ ಹಳೆಯ ಸಾಲ ತೀರಿಸಿದ್ದ. ಬಾಕಿಯಿಲ್ಲವೆಂಬ ಪತ್ರವನ್ನು ದೇವರ ಪಟದ ಹಿಂದೆ ಇಟ್ಟಿದ್ದ. ಆಮೇಲೆ, ಕೆಟ್ಟ ಹೆಸರು ಸರಿಯಾಗಲೆಂದು, ಬೇಡದ ಮಿಕ್ಸಿಯೊಂದನ್ನು ಕಂತಿನ ಮೇಲೆ ಕೊಂಡು ಗಡುವಿಗೆ ಮೂರು ದಿನ ಮೊದಲೇ ಕಟ್ಟುತ್ತ ಬಂದ. ಸಾಲ ಕೊಡುವ ಮುನ್ನ ಬ್ಯಾಂಕಿನವರು ನೋಡುವ ಕ್ರೆಡಿಟ್ ಸ್ಕೋರು ಮಾತ್ರ ಬಸವನಹುಳುವಿನ ಹಾಗೆ ತೆವಳಿತು.

“ಇನ್ನೆರಡು ವರ್ಷ ಹಿಂಗೇ ಕಟ್ಕೊಂಡು ಹೋಗಿ, ಆಮೇಲೆ ನೋಡೋಣ ಕಣ್ರೀ,” ಎಂದು ಹೊಸ ಸಾಲ ಕೇಳಲು ಹೋದವನಿಗೆ ಬ್ಯಾಂಕಿನ ಮ್ಯಾನೇಜರು ಹೇಳಿದರು.

ಮಗಳು ನಯನಾಳ ನರ್ಸಿಂಗ್ ಸೀಟು ಎರಡು ವರ್ಷ ಕಾಯುತ್ತದೆಯೆ? ಫೀಸು ಕಟ್ಟಲು ಉಳಿದಿದ್ದು ಎಂಟೇ ದಿನ. “ಆಗ್ದಿದ್ರೆ ಬಿಡಪ್ಪ,” ಎಂದು ಅವಳು ಮುಖ ಆಚೆ ತಿರುಗಿಸಿದಳು. ಅವನಿಗೆ ಚಿಕ್ಕಮ್ಮ ಸಣ್ಣತಾಯಮ್ಮ ನೆನಪಾದದ್ದು ಆಗಲೇ.

ಓದುಬರಹ ಬಾರದ ವಿಧವೆ. ಅವನದೇ ಮಂಡಿಯಲ್ಲಿ ನಲವತ್ತು ವರ್ಷದಿಂದ ಕೊಬ್ಬರಿಯ ಕರಟ ಬಿಡಿಸುವವಳು. ಮಹಿಳಾ ಸಂಘದ ಸಾಲದಲ್ಲಿ ಒಂದು ಕಂತೂ ತಪ್ಪಿಸದ ಆಕೆಯ ಹೆಸರು ಅಪ್ಪಟ ಬಂಗಾರ. ಪ್ರತಿ ತಿಂಗಳು ಪಿಂಚಣಿಗೆ ಕರೆದುಕೊಂಡು ಹೋಗುವವನು ಇವನೇ ಆದ್ದರಿಂದ ಆಕೆಯ ಆಧಾರ್, ಪಾಸ್‌ಬುಕ್ಕು, ಎಟಿಎಂ ಕಾರ್ಡು ಎಲ್ಲವೂ ಇವನ ಪೆಟ್ಟಿಗೆಯಲ್ಲೇ ಇದ್ದವು.

ಹಳೇಬೀಡಿನಲ್ಲಿ ಸಣ್ಣದೊಂದು ಸಾಲದ ಕಂಪನಿ ಇತ್ತು. ಕಾಯಿಲೆಯವರು ಬರಲಾಗದಿದ್ದರೆ ಹೆಬ್ಬೆಟ್ಟು ಒತ್ತಿದ ಅರ್ಜಿಯನ್ನು ಮನೆಯವರು ತಂದರೂ ನಡೆಯುತ್ತಿತ್ತು. ಅಲ್ಲಿ ಚಿಕ್ಕಮ್ಮನ ಮುಖ ಕಂಡವರೇ ಇಲ್ಲ. ಆಕೆಯ ಹೆಸರಲ್ಲಿ ಸಾಲ ತೆಗೆದು ಕಂತುಗಳನ್ನು ತಾನೇ ಕಟ್ಟಿದರಾಯಿತು. ಆಕೆಗೆ ಗೊತ್ತೂ ಆಗುವುದಿಲ್ಲ, ಆಕೆಯ ಸ್ಕೋರು ಇನ್ನಷ್ಟು ಏರುತ್ತದೆ. ಇದರಲ್ಲಿ ಕಳ್ಳತನ ಎಲ್ಲಿ ಬಂತು ಎಂದು ತನಗೆ ತಾನೇ ಹೇಳಿಕೊಂಡ. ಆದರೂ ಎರಡು ದಿನ ಅನ್ನ ಸೇರಲಿಲ್ಲ.

ಅರ್ಜಿಯಲ್ಲಿ ಸುಳ್ಳು ಎಷ್ಟು ಕಡಿಮೆಯಿದ್ದರೆ ಅಷ್ಟು ಕ್ಷೇಮ ಎಂಬುದು ಅವನ ಲೆಕ್ಕಾಚಾರ. ವಯಸ್ಸು, ವಿಳಾಸ, ಕಸುಬು, ಎಲ್ಲ ನಿಜವನ್ನೇ ಬರೆದ. ಕೊನೆಗೆ ಚಿಕ್ಕಮ್ಮನ ಹೆಬ್ಬೆಟ್ಟಿನ ಜಾಗದಲ್ಲಿ ತನ್ನದನ್ನು ಒತ್ತಿದ. ಮೊದಲ ಸಲ ಮಸಿ ಹರಡಿತೆಂದು ಆ ಫಾರಂ ಹರಿದುಹಾಕಿದ. ಎರಡನೆಯದರಲ್ಲಿ ಒಂದೊಂದು ಗೆರೆಯನ್ನೂ ಎಣಿಸುವಷ್ಟು ಚೊಕ್ಕವಾಗಿ ಬಿತ್ತು. ಗುಮಾಸ್ತನ ಕೈ ಅಲ್ಲವೆ, ಅವನಿಗೇ ಸಮಾಧಾನವಾಯಿತು.

ಮರುದಿನ ಹಳೇಬೀಡಿನ ಆಫೀಸಿನಲ್ಲಿ ಲತಾಮಣಿ ಎಂಬ ಅಧಿಕಾರಿ ಅರ್ಜಿಯನ್ನು ಸಾವಕಾಶವಾಗಿ ಓದಿದಳು. ಸ್ಕೋರು ನೋಡಿ ತಲೆದೂಗಿದಳು. ಸೀಲು ಕೈಗೆತ್ತಿಕೊಂಡಳು. ಮಧುಕುಮಾರನ ಮನಸ್ಸು ಆಗಲೇ ಫೀಸು ಕಟ್ಟಿ ರಸೀದಿ ಮಡಿಸುತ್ತಿತ್ತು.

“ಚಿಕ್ಕಮ್ಮ ಕರಟ ಬಿಡಿಸ್ತಾರಾ?”

“ಹೂಂ ಮೇಡಂ, ನಲವತ್ತು ವರ್ಷದಿಂದ.”

ಸೀಲು ಮೇಜಿನ ಮೇಲೆ ವಾಪಸು ಕೂತಿತು. “ನಮ್ಮವ್ವಾನೂ ಅದೇ ಕೆಲಸ ಕಣ್ರೀ. ಅವ್ಳ ಬೆರಳಲ್ಲಿ ಒಂದ್ ಗೆರೇನೂ ಉಳ್ದಿಲ್ಲ, ಎಲ್ಲಾ ಸವ್ದು ಹೋಗೈತೆ. ಇವ್ರಿಗೆ ಹೆಂಗ್ರೀ ಇಷ್ಟೊಂದು ಉಳ್ಕೊಂಡ್ವು?” ಎನ್ನುತ್ತ ಅವಳು ಮಸಿಯ ಡಬ್ಬಿಯನ್ನೂ ಒಂದು ಬಿಳಿ ಹಾಳೆಯನ್ನೂ ಅವನತ್ತ ಸರಿಸಿದಳು. ಮಧುಕುಮಾರ ತನ್ನ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡ. ತಿಂಗಳು ತಿಂಗಳೂ ಪಿಂಚಣಿಯ ಯಂತ್ರ ಸಣ್ಣತಾಯಮ್ಮನ ಬೆರಳನ್ನು ಒಪ್ಪದೆ, ಕೊನೆಗೆ ಆಕೆ ಅದಕ್ಕೆ ಕಣ್ಣಿನ ಪಾಪೆ ತೋರಿಸಿ ದುಡ್ಡು ಪಡೆಯುತ್ತಿದ್ದಳು. ಆ ನುಣ್ಣನೆಯ ಹೆಬ್ಬೆರಳನ್ನು ಆಕೆಯ ಸೆರಗಿನಿಂದ ಒರೆಸಿ, ಮತ್ತೆ ಮತ್ತೆ ಯಂತ್ರದ ಮೇಲೆ ಒತ್ತಿ ಹಿಡಿಯುತ್ತಿದ್ದವನು ಅವನೇ.