ಬಿಸಿ ಹಂಚು ಮುಟ್ಟದ ಕೈ

ಕಾದ ಹಂಚಿನಿಂದ ಒಂದು ಗೇಣು ಮೇಲೆ ಕೈ ನಿಂತುಬಿಟ್ಟಿತು. ನೀಲಗಂಗವ್ವ ಭುಜವನ್ನು ಮುಂದಕ್ಕೊತ್ತಿದಳು. ಲೋಹದ ಬೆರಳುಗಳು ಮಡಚಿಕೊಂಡವು, ಮೊಣಕೈ ಹಿಂದೆ ಸರಿಯಿತು. ನೀರು ಸವರುವವರಿಲ್ಲದೆ ಹಂಚಿನ ಮೇಲಿನ ಜೋಳದ ರೊಟ್ಟಿ ಒಣಗಿ ಬಿರಿಯಿತು.

“ನೋಡ್ರಿ ಬಾಯಾರ, ಇದರ ಸೊಕ್ಕ! ನಾ ಮುಂದ ಹೋಗಂದ್ರ ಇದು ಹಿಂದ ಬರತೈತಿ.”

ತಹಸೀನ್ ಇನಾಮದಾರ್ ವಿಜಯಪುರದ ಕೃತಕಾಂಗ ಕೇಂದ್ರವೊಂದರ ಎಂಜಿನಿಯರು. ಹಿಟ್ಟಿನ ಗಿರಣಿಯಲ್ಲಿ ಬಲಗೈ ಕಳೆದುಕೊಂಡ ನೀಲಗಂಗವ್ವನಿಗೆ ಈ ಯಂತ್ರಹಸ್ತವನ್ನು ಜೋಡಿಸಿದವಳು ಅವಳೇ. “ಬಿಸಿ ಕಂಡ್ರ ಹಿಂದ ಸರೀಲಿ ಅಂತನ ಮಾಡೇವ್ರಿ, ಅವ್ವಾರ. ಚಮಚದಿಂದ ತಿರುವಿದ್ರ ಆಗೂದಿಲ್ಲೇನು?”

“ಚಮಚಕ್ಕೇನ್ ತಿಳೀತೈತ್ರಿ? ನೀರು ಸವರುವಾಗ ಬೆರಳಿಗೆ ತಿಳೀಬೇಕು, ರೊಟ್ಟಿ ಎಷ್ಟ ಬೆಂದೈತಿ ಅಂತ.”

ಎದುರಿನ ಒಲೆಯ ಮುಂದೆ ಕುಳಿತಿದ್ದ ನೆಗೆಣ್ಣಿ, ಮೈದುನನ ಹೆಂಡತಿ ಸಂಗವ್ವ, ಗೋಡೆಯತ್ತ ತಿರುಗಿದಳು. “ಕುಂತು ಉಣ್ಣಂದ್ರ ಕೇಳೂದಿಲ್ಲ. ಏ ಗ್ವಾಡೆವ್ವಾ, ನೀನರ ಹೇಳ.”

ಈ ಖಾನಾವಳಿ ಇಬ್ಬರದೂ. ಅಪಘಾತವಾದ ಮೇಲೆ ಸಂಗವ್ವ, “ಇನ್ನ ನೀ ಕುಂತು ಉಣ್ಣ, ರೊಟ್ಟಿ ನಾ ಬಡೀತೀನಿ” ಎಂದಿದ್ದಳು. ಅದು ಕರುಣೆಯೋ ಕುಹಕವೋ ನೀಲಗಂಗವ್ವನಿಗೆ ತಿಳಿಯಲಿಲ್ಲ. ಅಂದಿನಿಂದ ಇಬ್ಬರ ನಡುವೆ ಮಾತು ನಿಂತಿತ್ತು, ಹೇಳುವುದೇನಿದ್ದರೂ ಗೋಡೆಗೆ. ಸಂಗವ್ವನ ರೊಟ್ಟಿ ದಪ್ಪ, ಗಿರಾಕಿಗಳು ಕಡಿಮೆಯಾಗುತ್ತಿದ್ದರು. ಒಲೆಯ ಮುಂದಿನ ತನ್ನ ಜಾಗ ಹೋದರೆ ಬದುಕಿನಲ್ಲಿ ತನಗೆ ಉಳಿಯುವುದೇನು ಎಂಬುದು ನೀಲಗಂಗವ್ವನ ಚಿಂತೆ.

ತಹಸೀನ್ ಯೋಚಿಸಿದಳು. ಹಳೆಯ ಗಣಕಗಳಲ್ಲಿ ಯಾವ ತಂತ್ರಾಂಶವಾದರೂ ಯಂತ್ರದ ಸಂಕೇತದ್ವಾರಕ್ಕೆ, ಅಂದರೆ ಪೋರ್ಟಿಗೆ, ನೇರವಾಗಿ ಆಜ್ಞೆ ಬರೆಯಬಹುದಿತ್ತು. ಮುಂದೆ ಆ ದ್ವಾರಗಳಿಗೆಲ್ಲ ಕಾರ್ಯಾಚರಣ ವ್ಯವಸ್ಥೆ ಕಾವಲು ನಿಂತಿತು. ಈ ಕೈಯಲ್ಲಿಯೂ ಅಷ್ಟೆ. ಮಿದುಳಿನ ಸಂವೇದಕದಿಂದ ಬರುವ ಆಜ್ಞೆಯನ್ನು ‘ಹಸ್ತಪಾಲ’ ಎಂಬ ವ್ಯವಸ್ಥೆ ಪರೀಕ್ಷಿಸಿ, ಒಪ್ಪಿಗೆಯಾದರೆ ಮಾತ್ರ ಬೆರಳುಗಳ ದ್ವಾರಕ್ಕೆ ಕಳಿಸುತ್ತದೆ. ಅದನ್ನು ಕಿತ್ತುಹಾಕುವಂತಿಲ್ಲ. ಆದರೆ ಅದರ ಒಳವಲಯದಲ್ಲಿ ಕೆಲಸ ಮಾಡುವ ಪುಟ್ಟ ಚಾಲಕ ತಂತ್ರಾಂಶವೊಂದನ್ನು ಸೇರಿಸಿದರೆ, ಆ ಒಂದು ದ್ವಾರವನ್ನು ಮಾತ್ರ ಮಿದುಳಿಗೆ ನೇರವಾಗಿ ತೆರೆದಿಡಬಹುದು. ಬೆರಳುಗಳ ಹೊದಿಕೆಯಂತೂ ಹಂಚಿನ ಶಾಖವನ್ನು ತಾಳುತ್ತದೆ, ಮುಟ್ಟಿದ್ದರ ಅರಿವನ್ನು ಮಿದುಳಿಗೆ ತಲುಪಿಸುತ್ತದೆ ಕೂಡ.

“ತೆರೀತೀನ್ರಿ. ಆದ್ರ ನೀವು ಮಾಡದ್ದನ್ನ ಕೈ ತಾನಾಗಿ ಮಾಡಿದ್ರ ಅದು ದೋಷ. ಆಗ ಮುಚ್ಚಬೇಕಾಗ್ತದ. ಮತ್ತ ತೆರೆಯಾಕ ನನಗ ಪರವಾನಗಿ ಸಿಗೂದಿಲ್ಲ.”

“ನನ್ನ ಕೈ ನನ್ನ ಮಾತು ಕೇಳೂದಿಲ್ಲೇನ್ರಿ? ತೆರೀರಿ.”

ಮರುದಿನ ಕೈ ಹಂಚು ಮುಟ್ಟಿತು. ನೀರು ಸವರಿತು, ತಿರುವಿತು. ರೊಟ್ಟಿ ಪೂರಿಯಂತೆ ಉಬ್ಬಿತು. ಪರೀಕ್ಷೆಗೆಂದು ಬಂದಿದ್ದ ತಹಸೀನ್ ಎರಡು ರೊಟ್ಟಿ ತಿಂದು ಮೂರನೆಯದಕ್ಕೆ ತಟ್ಟೆ ಚಾಚಿದ್ದಳು.

ಆಗ ಆ ಕೈ ಹಿಟ್ಟು ಬಿಟ್ಟು ತೋಳಳತೆಯಲ್ಲೇ ಇದ್ದ ಎದುರಿನ ಒಲೆಯ ಕಡೆಗೆ ಚಾಚಿಕೊಂಡಿತು. ಸಂಗವ್ವನ ಹಣೆಯ ಮೇಲಿನ ಬೆವರನ್ನು ಮೆಲ್ಲಗೆ ಒರೆಸಿ, ಅಲ್ಲಿ ಬಿಳಿಯ ಹಿಟ್ಟಿನ ಗೆರೆ ಉಳಿಸಿ ಹಿಂದಿರುಗಿತು.

ಸಂಗವ್ವ ಬಾಯಿ ತೆರೆದು ಕುಳಿತಳು. ನೀಲಗಂಗವ್ವ ತನ್ನ ಕೈಯನ್ನೇ ಬೇರೆಯವರದೆಂಬಂತೆ ನೋಡಿದಳು.

ತಹಸೀನ್ ತಟ್ಟೆ ಕೆಳಗಿಟ್ಟು ಕೈಗಣಕ ತೆರೆದಳು. ಯಂತ್ರದಲ್ಲಿ ದೋಷವಿರಲಿಲ್ಲ, ಸಂಕೇತ ಮಿದುಳಿನಿಂದಲೇ ಬಂದಿತ್ತು. ಆದರೆ ಅದು ತೀರಾ ಕ್ಷೀಣವಾಗಿತ್ತು. ನಾವು ಒಂದು ಕೆಲಸ ಮಾಡುವ ಮೊದಲು ಮಿದುಳಿನಲ್ಲಿ ಹಲವು ಅರೆಬಯಕೆಗಳು ಏಳುತ್ತವೆ, ಹೆಚ್ಚಿನವು ಅಲ್ಲೇ ಅಡಗುತ್ತವೆ. ಹಾಗಾದರೆ ಹಸ್ತಪಾಲ ಅಪಾಯವನ್ನಷ್ಟೇ ಅಲ್ಲ, ಈ ಅರೆಬಯಕೆಗಳನ್ನೂ ತಡೆಯುತ್ತಿತ್ತೇ? ಮಾಡಿದವಳಿಗೇ ಗೊತ್ತಿಲ್ಲದ ಕೆಲಸವನ್ನು ಯಾರದೆಂದು ಕರೆಯುವುದು?

“ಅವ್ವಾರ, ಇದನ್ನ ನೀವ ಮಾಡಿದ್ರೇನು? ಅಲ್ಲ ಅಂದ್ರ ನಾ ಮುಚ್ಚಬೇಕು.”

ನೀಲಗಂಗವ್ವ ಹಂಚು ನೋಡಿದಳು, ನೆಗೆಣ್ಣಿಯನ್ನು ನೋಡಿದಳು. ಹಂಚಿನ ಮೇಲಿನ ರೊಟ್ಟಿ ಹೊಗೆಯಾಡತೊಡಗಿತು.

“ಹೌದು. ನಾನ ಮಾಡೇನಿ.”

ಸಂಗವ್ವ ಈ ಸಲ ಗೋಡೆಯತ್ತ ತಿರುಗಲಿಲ್ಲ. “ಖರೇ ಹೇಳಾಕತ್ತೀಯೇನಕ್ಕ? ಇಲ್ಲಾ ರೊಟ್ಟಿ ಸಲುವಾಗಿ ಹೇಳಾಕತ್ತೀಯೋ?”

“ನಂಗೂ ತಿಳೀವಲ್ತವ್ವಾ.”

ಸಂಗವ್ವ ಕೈಯಲ್ಲಿದ್ದ ಹಿಟ್ಟಿನ ಉಂಡೆ ಕೆಳಗಿಟ್ಟಳು. ಆಮೇಲೆ ಮುಖವನ್ನು ಮುಂದೆ ಚಾಚಿದಳು. “ಹಂಗಾದ್ರ ಈ ಕಡೇನೂ ಒರಸು. ಬೆವರು ಕಣ್ಣಾಗ ಇಳಿಯಾಕತ್ತೈತಿ.”

ಯಂತ್ರದ ಕೈ ಅರ್ಧ ಎದ್ದು ನಿಂತಿತು. ಮುಂದೆ ಹೋಗಲಿಲ್ಲ, ಹಿಂದೆಯೂ ಬರಲಿಲ್ಲ. ತಹಸೀನ್ ಪರದೆಯತ್ತ ಬಗ್ಗಿದಳು.

ಅಷ್ಟರಲ್ಲಿ ನೀಲಗಂಗವ್ವ ಎಡಗೈಯಲ್ಲಿ ಸೆರಗು ಹಿಡಿದು ನೆಗೆಣ್ಣಿಯ ಕೆನ್ನೆ ಒರೆಸುತ್ತಿದ್ದಳು.